ರಾತ್ರಿ ತೆರೆದಿದ್ದ ಬಾಗಿಲು

ಗುರುವಾರ ಅವ್ವನಿಗೆ ಒಪ್ಪತ್ತು. ಸಂಜೆ ದೀಪ ಹಚ್ಚಿ, ದತ್ತನ ಫೋಟೋಕ್ಕೆ ಹೂ ಏರಿಸಿ, ಆಮೇಲೆ ಒಂದೇ ಸಲ ಊಟ. ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಅಂಥದ್ದೇ ಒಂದು ಗುರುವಾರ ರಾತ್ರಿ, ಭಾಂಡೆ ತೊಳೆದಿಟ್ಟ ಮೇಲೆ, ಅವ್ವನಿಗೆ ಒಂದು ಮರಾಠಿ ಸಿನಿಮಾ ತೋರಿಸಿದೆ. ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕೂತೆವು. ಸಿನಿಮಾದ ಹೆಸರು ‘ದೇಊಳ್’. ಅಂದರೆ ಗುಡಿ.

ತೋರಿಸೋಕೆ ಹೆದರಿಕೆಯೂ ಇತ್ತು. ದತ್ತನ ಹೆಸರಲ್ಲಿ ಒಂದು ಊರಿಗೆ ಊರೇ ಹೇಗೆ ದಾರಿ ತಪ್ಪುತ್ತದೆ ಅನ್ನೋ ಕಥೆ ಅದು. ಅವ್ವ ನಲವತ್ತು ವರ್ಷದಿಂದ ದತ್ತನ ವಾರ ಹಿಡಿದವಳು. ವರ್ಷಕ್ಕೊಮ್ಮೆ ಗಾಣಗಾಪುರಕ್ಕೆ ಹೋಗಿ, ಭೀಮಾ ಅಮರಜಾ ಸಂಗಮದಲ್ಲಿ ಮಿಂದು, ಐದು ಮನೆ ಮಧುಕರಿ ಬೇಡಿ ಬರುವವಳು. ನೊಂದುಕೊಂಡರೆ ಏನು ಮಾಡೋದು? ಆದರೂ ಒಮ್ಮೆ ಅವ್ವನ ಪಕ್ಕ ಕೂತು ಈ ಸಿನಿಮಾ ನೋಡಬೇಕು ಅಂತ ಬಹಳ ವರ್ಷದಿಂದ ಮನಸ್ಸಿನಲ್ಲಿತ್ತು.

ನಮ್ಮೂರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನದು. ಇರೋದು ಮಹಾರಾಷ್ಟ್ರದಲ್ಲಿ, ಮನೆಯಲ್ಲಿ ಆಡೋದು ಕನ್ನಡ. ನಾನು ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ಹೊಲದ ಉತಾರಾ, ಅಂದರೆ ಪಹಣಿ, ಮರಾಠಿಯಲ್ಲಿ ಬರುತ್ತದೆ, ಲಗ್ನಪತ್ರಿಕೆ ಕನ್ನಡದಲ್ಲಿ ಅಚ್ಚಾಗುತ್ತದೆ. ಭೀಮಾ ಹೊಳೆ ದಾಟಿದರೆ ಇಂಡಿ ತಾಲೂಕು, ಕರ್ನಾಟಕ. ಸರ್ಕಾರ ಎರಡಾದರೂ ದೇವರು ಎರಡೂ ದಡಕ್ಕೆ ಒಬ್ಬನೇ. ಅಕ್ಕಲಕೋಟೆಯ ಸ್ವಾಮಿ ಸಮರ್ಥರನ್ನು ದತ್ತನ ಅವತಾರ ಅಂತ ಜನ ನಂಬುತ್ತಾರೆ. 1878ರಲ್ಲಿ ಅವರು ಸಮಾಧಿಯಾದ ಊರಿಗೆ ಇವತ್ತಿಗೂ ಬಸ್ಸುಗಟ್ಟಲೆ ಜನ ಬರುತ್ತಾರೆ. ಅಂಜಬೇಡ, ನಿನ್ನ ಬೆನ್ನ ಹಿಂದೆ ನಾನಿದ್ದೇನೆ ಅನ್ನುವ ಅವರ ಮಾತನ್ನು ನಮ್ಮ ಕಡೆಯ ಟಂಟಂ ಆಟೋಗಳ ಹಿಂದೆ ಮರಾಠಿಯಲ್ಲಿ ಬರೆಸಿರುತ್ತಾರೆ. ಅದನ್ನು ಓದುತ್ತಲೇ ನಾನು ಬೆಳೆದವನು. ಪರೀಕ್ಷೆಗೆ ಹೋಗುವಾಗ ಆ ಸಾಲು ಕಣ್ಣಿಗೆ ಬಿದ್ದರೆ ಧೈರ್ಯ ಬರುತ್ತಿತ್ತು. ಈಗಲೂ ಬರುತ್ತದೆ.

ಆ ಸಿನಿಮಾವನ್ನು ನಾನು ಮೊದಲು ನೋಡಿದ್ದು 2011ರ ನವೆಂಬರ್‌ನಲ್ಲಿ, ಅದು ಬಿಡುಗಡೆಯಾದ ವಾರವೇ, ಸೊಲ್ಲಾಪುರದ ಒಂದು ಟಾಕೀಸಿನಲ್ಲಿ. ಸೊಲ್ಲಾಪುರದ ಟಾಕೀಸು ಅಂದರೆ ಗೊತ್ತಲ್ಲ, ಮುಂದಿನ ಸಾಲಿನಲ್ಲಿ ಮರಾಠಿ, ಹಿಂದಿನ ಸಾಲಿನಲ್ಲಿ ತೆಲುಗು, ಪಕ್ಕದಲ್ಲಿ ಕನ್ನಡ. ಮಗ್ಗದ ಊರು. ನಗು ಮಾತ್ರ ಎಲ್ಲರದೂ ಒಟ್ಟಿಗೇ ಬರುತ್ತಿತ್ತು. ಅರ್ಧ ಸಿನಿಮಾ ಆದ ಮೇಲೆ ನಗು ಕಡಿಮೆಯಾಯಿತು. ನನ್ನ ಪಕ್ಕ ಕೂತಿದ್ದ, ಗುರುತಿಲ್ಲದ ಒಬ್ಬ ಯಜಮಾನರು ತಮ್ಮಷ್ಟಕ್ಕೇ, ‘ಇದು ನಮ್ಮೂರಾಗಿನ ಕಥಿನೇ ಅದ’ ಅಂದರು.

ದೇಊಳ್ ಅನ್ನುವ ಮಾತೇ ನಮ್ಮದಕ್ಕೆ ಬಹಳ ಹತ್ತಿರದ್ದು. ಸಂಸ್ಕೃತದ ದೇವಕುಲ ಸವೆದು ಸವೆದು ಮರಾಠಿಯಲ್ಲಿ ದೇಊಳ್ ಆಯಿತು, ಕನ್ನಡದಲ್ಲಿ ದೇಗುಲ ಆಯಿತು. ದೇಗುಲ ಅಂದ ತಕ್ಷಣ ನಮಗೆ ಮೊದಲು ನೆನಪಾಗೋದು ಬಸವಣ್ಣ, ಅಲ್ವಾ? ಉಳ್ಳವರು ಶಿವಾಲಯ ಕಟ್ಟಲಿ, ನನಗೆ ದೇಹವೇ ದೇಗುಲ ಅಂದವರು. ಆ ಬಸವಣ್ಣ ಕಲ್ಯಾಣಕ್ಕೆ ಹೋಗುವ ಮೊದಲು ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದ ಮಂಗಳವೇಢೆ ಇವತ್ತು ಇದೇ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಗುಡಿ ದೊಡ್ಡದಾಗುತ್ತಾ ದೇವರು ಚಿಕ್ಕವನಾಗುತ್ತಾನೆ ಅನ್ನುವ ಸಂಕಟ ಈ ಮಣ್ಣಿಗೆ ಹೊಸದಲ್ಲ.

ಕಥೆ ಇಷ್ಟೇ. ಮಂಗ್ರೂಳ್ ಅಂತ ಒಂದು ಊರು. ಅಲ್ಲಿ ಕೇಶ್ಯಾ ಅಂತ ಒಬ್ಬ ಮುಗ್ಧ ಹುಡುಗ, ದನ ನೋಡಿಕೊಂಡು ಇರುವವನು. ಅವನ ಆಕಳ ಹೆಸರು ಕರಡಿ. ಒಂದು ದಿನ ಕರಡಿ ಕಾಣೆಯಾಗುತ್ತದೆ. ಹುಡುಕುತ್ತಾ ಗುಡ್ಡಕ್ಕೆ ಹೋದ ಕೇಶ್ಯಾ ಬಿಸಿಲಿಗೆ ಸೋತು ಔದುಂಬರದ ಮರದ ಕೆಳಗೆ ಮಲಗುತ್ತಾನೆ. ಔದುಂಬರ ಅಂದರೆ ನಮ್ಮ ಅತ್ತಿಮರ. ಅಲ್ಲಿ ಅವನಿಗೆ ದತ್ತ ಕಾಣುತ್ತಾನೆ. ಎದ್ದವನೇ ಊರ ತುಂಬಾ ಕೂಗಿಕೊಂಡು ಓಡುತ್ತಾನೆ. ಊರಿನ ಹಿರಿಯರು ಒಬ್ಬರಿದ್ದಾರೆ, ಅಣ್ಣಾ. ತಿಳಿದವರು. ನಿನಗೆ ಕಂಡಿದ್ದನ್ನು ನಿನ್ನೊಳಗೇ ಇಟ್ಟುಕೋ ಅಂತ ಕೇಶ್ಯಾನಿಗೆ ಬುದ್ಧಿ ಹೇಳುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಒಬ್ಬ ಪತ್ರಕರ್ತನಿಗೆ ಸುದ್ದಿ ಸಿಗುತ್ತದೆ, ಕೆಲಸವಿಲ್ಲದೆ ಕೂತಿದ್ದ ಹುಡುಗರಿಗೆ ಕೆಲಸ ಸಿಗುತ್ತದೆ. ಊರಿಗೆ ಒಂದು ಆಸ್ಪತ್ರೆ ತರಬೇಕು ಅಂತ ಅಣ್ಣಾ ಓಡಾಡುತ್ತಿರುತ್ತಾರೆ. ಆ ಆಸ್ಪತ್ರೆ ಹಿಂದೆ ಬೀಳುತ್ತದೆ, ಗುಡಿ ಮುಂದೆ ಬರುತ್ತದೆ. ಕಾಯಿ, ಹೂ, ಫೋಟೋ, ಅಂಗಡಿಗಳ ಸಾಲು. ಊರಿಗೆ ದುಡ್ಡು ಬರುತ್ತದೆ. ಅಣ್ಣಾ ಊರು ಬಿಡುತ್ತಾರೆ. ಕಂಡಿದ್ದು ಯಾರಿಗೋ ಅವನಿಗೇ ತನ್ನ ದತ್ತನ ಹತ್ತಿರ ಹೋಗೋಕೆ ಜಾಗ ಇಲ್ಲದಂತಾಗುತ್ತದೆ. ಕೊನೆಯನ್ನು ನಾನಿಲ್ಲಿ ಹೇಳೋದಿಲ್ಲ, ನೀವೇ ನೋಡಿ.

ಉಮೇಶ್ ಕುಲಕರ್ಣಿ ನಿರ್ದೇಶನ. ಕೇಶ್ಯಾ ಆದವರು ಗಿರೀಶ್ ಕುಲಕರ್ಣಿ, ಕಥೆ ಮಾತು ಕೂಡ ಅವರವೇ. ಅಣ್ಣಾ ಆಗಿ ದಿಲೀಪ್ ಪ್ರಭಾವಳ್ಕರ್, ಊರ ರಾಜಕಾರಣಿ ಭಾವೂ ಆಗಿ ನಾನಾ ಪಾಟೇಕರ್. 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಇದಕ್ಕೆ ಅತ್ಯುತ್ತಮ ಚಿತ್ರದ ಮನ್ನಣೆ ಸಿಕ್ಕಿತು. ಅದನ್ನು ಹಂಚಿಕೊಂಡಿದ್ದು ‘ಬ್ಯಾರಿ’. ಮಂಗಳೂರು, ಕಾಸರಗೋಡಿನ ಕಡೆಯವರ ಮಾತಿನಲ್ಲಿ ಬಂದ ಸಿನಿಮಾ. ಕನ್ನಡದ ಒಂದು ಗಡಿಯಲ್ಲಿ ನಾವು, ಇನ್ನೊಂದು ಗಡಿಯಲ್ಲಿ ಅವರು. ಆ ಸುದ್ದಿ ಓದಿದ ದಿನ ನನಗೆ ಯಾಕೋ ತುಂಬಾ ಖುಷಿಯಾಗಿತ್ತು.

ಮೂಢನಂಬಿಕೆಯನ್ನು ತಮಾಷೆ ಮಾಡಿ ತಿವಿಯುವ ಸಿನಿಮಾ ಅಂದರೆ ಜಾಸ್ತಿ ಜನ ಹೇಳೋದು 2014ರ ‘ಪೀಕೆ’ ಹೆಸರನ್ನು. ನನಗೂ ಅದು ಇಷ್ಟ. ಬೇರೆ ಗ್ರಹದಿಂದ ಬಂದವನಿಗೆ ನಮ್ಮ ದೇವರುಗಳ ಗೊಂದಲ ಅರ್ಥವಾಗದೆ ಪರದಾಡುವುದು, ಕಾಲೇಜಿನ ಹೊರಗೆ ಮರದ ಬುಡದಲ್ಲಿ ಒಂದು ಕಲ್ಲು ಇಟ್ಟು ಕೆಂಪು ಬಳಿದ ಕೂಡಲೇ ಪರೀಕ್ಷೆಗೆ ಹೊರಟ ಹುಡುಗರು ಬಂದು ದುಡ್ಡಿಟ್ಟು ಕೈ ಮುಗಿಯೋದು, ಇವನ್ನೆಲ್ಲ ಮರೆಯೋಕಾಗಲ್ಲ. ಅದಕ್ಕೂ ಮೊದಲು 2012ರಲ್ಲಿ ‘ಓ ಮೈ ಗಾಡ್’ ಬಂತು. ಭೂಕಂಪದಲ್ಲಿ ಅಂಗಡಿ ಕಳೆದುಕೊಂಡವನು, ದೇವರ ಆಟಕ್ಕೆ ವಿಮೆ ಇಲ್ಲ ಅಂದಾಗ ದೇವರ ಮೇಲೇ ಕೇಸು ಹಾಕುವ ಕಥೆ. ಅದನ್ನೇ 2016ರಲ್ಲಿ ಉಪೇಂದ್ರ, ಸುದೀಪ್ ಇಟ್ಟುಕೊಂಡು ‘ಮುಕುಂದ ಮುರಾರಿ’ ಅಂತ ಕನ್ನಡದಲ್ಲಿ ಮಾಡಿದರು. ಒಳ್ಳೆಯ ಕೆಲಸಗಳೇ. ಆದರೆ ಅವುಗಳಲ್ಲಿ ಕೊನೆಗೆ ಬಣ್ಣ ಬಯಲಾಗೋಕೆ ಒಬ್ಬ ಸ್ವಾಮಿ ಇರುತ್ತಾನೆ. ಅವನು ಸಿಕ್ಕಿಬೀಳುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ, ಮನೆಗೆ ಬರುತ್ತೇವೆ. ತಪ್ಪು ಮಾಡಿದವನು ಯಾರೋ ಬೇರೆಯವನು ಅಂತ ಹಗುರಾಗಿ ಬರುತ್ತೇವೆ.

ಮಂಗ್ರೂಳಿನಲ್ಲಿ ಹಾಗೆ ಹಿಡಿದು ನಿಲ್ಲಿಸೋಕೆ ಯಾರೂ ಸಿಗೋದಿಲ್ಲ. ಕೇಶ್ಯಾ ಸುಳ್ಳು ಹೇಳಲಿಲ್ಲ. ಹುಡುಗರಿಗೆ ಕೆಲಸ ಬೇಕಿತ್ತು, ಹೆಂಗಸರಿಗೆ ನಾಲ್ಕು ಕಾಸು ಬೇಕಿತ್ತು, ಅದು ತಪ್ಪಾ? ಒಬ್ಬೊಬ್ಬರನ್ನೇ ನೋಡಿದರೆ ಎಲ್ಲರೂ ನಮ್ಮ ಮನೆಯವರ ಹಾಗೇ ಇದ್ದಾರೆ. ಅದಕ್ಕೇ ಆ ಸಿನಿಮಾ ಮುಗಿದ ಮೇಲೆ ನನಗೆ ಎದ್ದು ಹೊರಗೆ ಬರೋಕೆ ಸ್ವಲ್ಪ ಹೊತ್ತು ಹಿಡಿಯಿತು. ತೆರೆಯ ಮೇಲೆ ಕಾಣೆಯಾದ ಆಸ್ಪತ್ರೆ ನನಗೆ ಪರಿಚಯದ್ದು. ಅದು ಇಲ್ಲದೇ ಹೋಗಿದ್ದರಿಂದ ನಾವು ಒಬ್ಬರನ್ನು ಕಳೆದುಕೊಂಡಿದ್ದೆವು.

ನನ್ನ ಕಾಕಾ, ಅಪ್ಪನ ತಮ್ಮ. 1998. ಮಳೆ ಕೈಕೊಟ್ಟ ವರ್ಷ. ಕಬ್ಬಿಗೆ ನೀರು ಬಿಡಬೇಕು, ಕರೆಂಟು ಬರೋದು ರಾತ್ರಿ. ಕಾಕಾ ಬಾವಿಯ ಹತ್ತಿರದ ಮೋಟರಿನ ಕೋಣೆಯಲ್ಲಿ ಗೋಣಿಚೀಲ ಹಾಸಿಕೊಂಡು ಕರೆಂಟಿಗೆ ಕಾಯುತ್ತಾ ಮಲಗಿದ್ದರು. ಒಂದೂವರೆ ಹೊತ್ತಿಗೆ ಮನೆಗೆ ನಡೆದುಕೊಂಡೇ ಬಂದರು. ಕಿರುಬೆರಳ ಹತ್ತಿರ ಏನೋ ಚುಚ್ಚಿದ ಹಾಗಾಯಿತು, ಬ್ಯಾಟ್ರಿ ಹಾಕಿ ನೋಡಿದರೆ ಕರೀ ಹಾವು, ಮೈ ಮೇಲೆ ಬಿಳೀ ಪಟ್ಟಿ ಅಂದರು. ಕಟ್ಟುಹಾವು ಅದು, ಮರಾಠಿಯವರು ಮಣ್ಯಾರ್ ಅನ್ನುತ್ತಾರೆ. ನೋವಿಲ್ಲ, ಬಾವಿಲ್ಲ, ರಕ್ತ ಇಲ್ಲ. ಕಾಕಾನೇ ನಗುತ್ತಾ ನೀರು ಕುಡಿದರು. ಎಲ್ಲರೂ ಮೋಸ ಹೋಗೋದು ಅಲ್ಲೇ. ಕಟ್ಟುಹಾವು ಕಚ್ಚಿದರೆ ಮೊದಲು ಏನೂ ಗೊತ್ತಾಗೋದಿಲ್ಲ. ಆ ವಿಷ ಹೋಗಿ ಹಿಡಿಯೋದು ನರಗಳನ್ನು.

ಪಕ್ಕದ ಊರಲ್ಲಿ, ಎರಡು ಕಿಲೋಮೀಟರ್ ದೂರದಲ್ಲಿ, ನಂಜು ಇಳಿಸುವ ಮುತ್ಯಾ, ಅಂದರೆ ಅಜ್ಜ, ಒಬ್ಬರಿದ್ದರು. ಅಪ್ಪ ಕಾಕಾನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೊರಟರು. ನನಗೆ ಹತ್ತು ವರ್ಷ, ಹಿಂದೆ ಓಡಿದೆ. ಯಾರೂ ಬೇಡ ಅನ್ನಲಿಲ್ಲ. ಮುತ್ಯಾ ನಾವು ಕೂಗುವ ಮೊದಲೇ ಬಾಗಿಲು ತೆರೆದು ನಿಂತಿದ್ದರು. ನಾಯಿ ಬೊಗಳಿದ್ದಕ್ಕೇ ಎದ್ದಿದ್ದರಂತೆ. ಅವರಿಗೆ ಒಂದು ನೇಮ ಇತ್ತು. ಹಾವಿನ ಸುದ್ದಿ ಅಂತ ಬಂದರೆ ಉಣ್ಣುವ ತುತ್ತು ಬಿಟ್ಟು ಏಳಬೇಕು, ಒಂದು ಪೈಸೆ ಮುಟ್ಟಬಾರದು.

ಕಂದೀಲು ಹಚ್ಚಿದರು. ಕಾಕಾನನ್ನು ಕಟ್ಟೆಯ ಮೇಲೆ ಕೂರಿಸಿ ಬೇವಿನ ಎಲೆ ಕೊಟ್ಟು ಅಗಿ ಅಂದರು. ಎಲೆ ಕಹಿ ಹತ್ತಿದರೆ ವಿಷ ಏರಿಲ್ಲ ಅಂತ ಲೆಕ್ಕ. ಮೊದಲ ಸಲ ಕಾಕಾ ಮುಖ ಕಿವುಚಿದರು. ಕಹಿ. ಮುತ್ಯಾ ಮಂತ್ರ ಹೇಳುತ್ತಾ ಬೇವಿನ ತಪ್ಪಲಿನಿಂದ ತಲೆಯಿಂದ ಪಾದದ ತನಕ ಇಳಿ ತೆಗೆಯುತ್ತಿದ್ದರು. ಅರ್ಧ ತಾಸಿಗೊಮ್ಮೆ ಎಲೆ. ಮೂರನೇ ಸಲ ಕಾಕಾ ಎಲೆ ಅಗಿಯುತ್ತಲೇ ಇದ್ದರು, ಮುಖ ಬದಲಾಗಲಿಲ್ಲ. ‘ಕಹಿ ಹತ್ತವಲ್ದು’ ಅಂದರು, ಮಾತು ತೊದಲುತ್ತಿತ್ತು. ಕಣ್ಣಿನ ರೆಪ್ಪೆ ಕೆಳಗೆ ಜಾರುತ್ತಿತ್ತು. ನಿದ್ದೆ ಬರುತ್ತಿದೆ, ಮಲಗಲು ಬಿಡಬೇಡಿ ಅಂತ ಎಲ್ಲರೂ ಅಂದರು. ನಾನು ಕಾಕಾನ ಎದುರು ಕೂತು, ಕಾಕಾ ಕಾಕಾ ಅಂತ ಕರೆಯುತ್ತಿದ್ದೆ. ಅದು ನಿದ್ದೆ ಆಗಿರಲಿಲ್ಲ. ವಿಷ ರೆಪ್ಪೆಯ ನರ ಹಿಡಿದಿತ್ತು, ಆಮೇಲೆ ಉಸಿರಿನದನ್ನು ಹಿಡಿಯುತ್ತದೆ. ಅದು ನನಗೆ ತಿಳಿದಿದ್ದು ಎಷ್ಟೋ ವರ್ಷ ಆದ ಮೇಲೆ, ಒಂದು ಪುಸ್ತಕದಲ್ಲಿ ಓದಿ.

ನಾಲ್ಕೂವರೆಗೆ ಯಾರದೋ ಜೀಪು ಸಿಕ್ಕಿತು. ದಾರಿಯಲ್ಲಿ ಸಿಕ್ಕ ಒಂದು ದವಾಖಾನೆಯಲ್ಲಿ ಔಷಧ ಇರಲಿಲ್ಲ. ಸೊಲ್ಲಾಪುರ ಅರವತ್ತು ಕಿಲೋಮೀಟರ್. ಕಾಕಾ ಸೊಲ್ಲಾಪುರ ಮುಟ್ಟಲಿಲ್ಲ.

ಮೂರನೇ ದಿನ ಮುತ್ಯಾ ನಮ್ಮ ಮನೆಗೆ ಬಂದರು. ಅಂಗಳದ ಬೇವಿನ ಮರದ ಕೆಳಗೆ ಕೂತರು. ಚಹಾ ಕೊಟ್ಟರೆ ಕುಡಿಯಲಿಲ್ಲ. ಬಹಳ ಹೊತ್ತಿನ ಮೇಲೆ ಅಪ್ಪನಿಗೆ, ‘ಮೊದಲs ಸೊಲ್ಲಾಪುರಕ್ಕ ಒಯ್ಯಿರಿ ಅಂತ ನಾ ಹೇಳಬೇಕಾಗಿತ್ತು ತಮ್ಮಾ’ ಅಂದರು. ಅಪ್ಪ ಏನೂ ಅನ್ನಲಿಲ್ಲ. ಇಬ್ಬರೂ ಸುಮ್ನೆ ಕೂತಿದ್ದರು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಅವತ್ತು ನನಗೆ ಆ ಮುತ್ಯಾನ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ ಅವರ ಹೆಗಲ ಮೇಲಿನ ಟವೆಲ್ಲು ಕಂಡರೂ ಮೈ ಉರಿಯುತ್ತಿತ್ತು.

ಆ ಸಿಟ್ಟು ಎಷ್ಟೋ ವರ್ಷ ಇತ್ತು. ಸೊಲ್ಲಾಪುರದಲ್ಲಿ ಕಾಲೇಜಿಗೆ ಸೇರಿದ ಮೇಲೆ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಒಮ್ಮೆ ಬಂದಿದ್ದರು. ಡಾಕ್ಟರ್ ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಸಂಘಟನೆ ಅದು. ತೆಂಗಿನಕಾಯಿಯ ಜುಟ್ಟಿನಲ್ಲಿ ಸೋಡಿಯಂ ಚೂರು ಅಡಗಿಸಿಟ್ಟು, ನೀರು ಚಿಮುಕಿಸಿ ಬೆಂಕಿ ಹೊತ್ತಿಸಿ ತೋರಿಸಿದರು. ನಾಲಗೆಯ ಮೇಲೆ ಕರ್ಪೂರ ಉರಿಸಿದರು. ನಾವು ದೇವರ ವಿರುದ್ಧ ಅಲ್ಲ, ದೇವರ ಹೆಸರಲ್ಲಿ ಆಗುವ ಮೋಸದ ವಿರುದ್ಧ ಅಂತ ಹೇಳಿದರು. ಹಾವಿನ ಮಂತ್ರ ಯಾಕೆ ಫಲಿಸಿದ ಹಾಗೆ ಕಾಣುತ್ತದೆ ಅನ್ನೋದನ್ನೂ ವಿವರಿಸಿದರು. ನಮ್ಮ ಹೊಲಗಳಲ್ಲಿ ಕಾಣುವ ಹಾವುಗಳಲ್ಲಿ ಜಾಸ್ತಿ ವಿಷವಿಲ್ಲದವು. ಜೀವ ತೆಗೆಯೋದು ಮುಖ್ಯವಾಗಿ ನಾಲ್ಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅವು ಕೂಡ ಕಚ್ಚಿದಾಗಲೆಲ್ಲ ವಿಷ ಬಿಡೋದಿಲ್ಲ. ಹಾಗಾಗಿ ಮಂತ್ರ ಹಾಕುವವನ ಹತ್ತಿರ ಹೋದವರಲ್ಲಿ ಹೆಚ್ಚಿನವರು ಹೇಗಿದ್ದರೂ ಬದುಕುತ್ತಾರೆ. ಬದುಕಿದವರು ಊರ ತುಂಬಾ ಹೇಳುತ್ತಾರೆ. ಸತ್ತವರು ಹೇಳೋಕೆ ಬರೋದಿಲ್ಲ, ಅವರ ಮನೆಯವರು ಆಯುಷ್ಯ ಅಷ್ಟೇ ಇತ್ತು ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಅದನ್ನೇ ಅಂದರು.

ಎಲ್ಲ ಅರ್ಥವಾಯಿತು. ಮುತ್ಯಾನಿಗೆ ತಮ್ಮ ಮಂತ್ರದಲ್ಲಿ ಅಷ್ಟು ನಂಬಿಕೆ ಎಲ್ಲಿಂದ ಬಂದಿತ್ತು ಅನ್ನೋದೂ ಅರ್ಥವಾಯಿತು. ಅವರು ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಕಣ್ಣಾರೆ ಕಂಡಿದ್ದನ್ನು ನಂಬಿದ್ದರು. ಆದರೂ ಸಿಟ್ಟು ಹೋಗಲಿಲ್ಲ. ಅದು ಕರಗಿದ್ದು ಸೊಲ್ಲಾಪುರದ ಆ ಟಾಕೀಸಿನಲ್ಲಿ, ಅಣ್ಣಾ ಓಡಾಡಿ ರೂಪಿಸಿದ ಆಸ್ಪತ್ರೆ ಹಿಂದೆ ಸರಿದಾಗ. ಅಲ್ಲಿಯವರೆಗೆ ನಾನು ಮುತ್ಯಾನ ಮಂತ್ರವನ್ನೇ ನೋಡುತ್ತಿದ್ದೆ. ಅವತ್ತು ಮೊದಲ ಸಲ ಅವರ ಬಾಗಿಲು ನೆನಪಾಯಿತು. ರಾತ್ರಿ ಎರಡು ಗಂಟೆಗೆ, ಸುತ್ತ ಹತ್ತು ಊರಿನಲ್ಲಿ, ನಮ್ಮ ಪಾಲಿಗೆ ತೆರೆದಿದ್ದ ಒಂದೇ ಬಾಗಿಲು ಅದು. ನಮ್ಮೂರಲ್ಲೂ ಆರೋಗ್ಯ ಉಪಕೇಂದ್ರದ ಕಟ್ಟಡ ಇತ್ತು, ಅದಕ್ಕೆ ಬೀಗ ಇತ್ತು. ಹಾವಿನ ವಿಷಕ್ಕೆ ಮದ್ದು ಇರೋದು ಒಂದೇ, ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಅದರ ರಕ್ತದಿಂದ ತೆಗೆಯುವ ಔಷಧ. ಅದು 1998ಕ್ಕಿಂತ ಎಷ್ಟೋ ಮೊದಲೇ ನಮ್ಮ ದೇಶದಲ್ಲಿ ತಯಾರಾಗುತ್ತಿತ್ತು. ನಮ್ಮೂರಿನ ತನಕ ಬರಲಿಲ್ಲ. ಅಪ್ಪನನ್ನು ಮೂಢ ಅಂತ ಕರೆಯುವವರು ಆ ರಾತ್ರಿ ಅಪ್ಪ ಇನ್ನೆಲ್ಲಿಗೆ ಹೋಗಬೇಕಿತ್ತು ಅಂತಲೂ ಹೇಳಬೇಕು.

ದಾಭೋಲ್ಕರರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ಗುಂಡಿಟ್ಟು ಕೊಂದರು. ವಾಯುವಿಹಾರಕ್ಕೆ ಹೊರಟಿದ್ದರು. ಮೂಢನಂಬಿಕೆ ತಡೆಯೋಕೆ ಅವರು ವರ್ಷಗಟ್ಟಲೆ ಬೇಡಿದ್ದ ಕಾಯ್ದೆಗೆ ಅವರು ಸತ್ತ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಕಾಯ್ದೆಯೇ ಆಯಿತು. ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ, ದಾರ ಅಂತ ಕೂರಿಸಿಕೊಂಡರೆ ಅದು ಅಪರಾಧ ಅಂತ ಅದರಲ್ಲಿ ಬರೆದಿದೆ. ಆ ಸಾಲನ್ನು ಓದಿದಾಗ ಕಾಕಾನ ನೆನಪಾಗಿ ಗಂಟಲು ಕಟ್ಟಿತು. ಹೊಳೆಯ ಆಚೆ, ಕರ್ನಾಟಕದಲ್ಲಿ, ಕಾಯ್ದೆ 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ಅಂದರೆ ಆರೇಳು ವರ್ಷ ಈ ದಡದಲ್ಲಿ ತಪ್ಪಾಗಿದ್ದು ಆ ದಡದಲ್ಲಿ ತಪ್ಪಾಗಿರಲಿಲ್ಲ.

ಆದರೆ ಇನ್ನೊಂದು ಲೆಕ್ಕವೂ ಇದೆ. 108 ಅಂಬುಲೆನ್ಸ್ ಕರ್ನಾಟಕದಲ್ಲಿ ಶುರುವಾಗಿದ್ದು 2008ರಲ್ಲಿ. ಮಹಾರಾಷ್ಟ್ರದಲ್ಲಿ 2014ರಲ್ಲಿ. ಕಾಯ್ದೆ ನಮ್ಮ ದಡಕ್ಕೆ ಮೊದಲು ಬಂತು, ಅಂಬುಲೆನ್ಸ್ ಆ ದಡಕ್ಕೆ ಮೊದಲು ಬಂತು. ಒಂದೇ ಹೊಳೆ, ಒಂದೇ ಮಾತು, ಹೊಲದಲ್ಲಿ ಹರಿದಾಡುವ ಹಾವೂ ಒಂದೇ ಜಾತಿಯದು. ಎರಡರಲ್ಲಿ ಯಾವುದು ಹೆಚ್ಚು ಜನರನ್ನು ಮಂತ್ರದ ಕಟ್ಟೆಯಿಂದ ಎಬ್ಬಿಸಿತು ಅಂತ ಕೇಳಿದರೆ, ನಾನು ಕಂಡ ಮಟ್ಟಿಗೆ ಅಂಬುಲೆನ್ಸ್. ಕಾಯ್ದೆ ಬೇಕು, ಖಂಡಿತ ಬೇಕು. ಅದಕ್ಕಾಗಿ ಒಬ್ಬರು ಜೀವ ಕೊಟ್ಟಿದ್ದಾರೆ. ಆದರೆ ಒಂದು ಬಾಗಿಲು ಮುಚ್ಚಿಸುವಾಗ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದಿರಬೇಕಲ್ವಾ?

ಮುತ್ಯಾನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಕಾಕಾ ಹೋದ ಮೇಲೆ ಅವರು ಮಂತ್ರ ಬಿಡಲಿಲ್ಲ. ಆದರೆ ಹಾವು ಕಚ್ಚಿದವರು ಬಂದರೆ ಕಟ್ಟೆಯ ಮೇಲೆ ಕೂರಿಸೋದನ್ನು ಬಿಟ್ಟರು. ಊರಿನ ಜೀಪಿನವನನ್ನು ತಾವೇ ಹೋಗಿ ಎಬ್ಬಿಸುತ್ತಿದ್ದರು. ಕಚ್ಚಿಸಿಕೊಂಡವರ ಪಕ್ಕದಲ್ಲಿ ತಾವೂ ಕೂತು, ಸೊಲ್ಲಾಪುರದ ತನಕ ದಾರಿಯುದ್ದಕ್ಕೂ ಮಂತ್ರ ಹೇಳುತ್ತಾ ಹೋಗುತ್ತಿದ್ದರು. ದವಾಖಾನೆಯ ಮೆಟ್ಟಿಲ ಹತ್ತಿರ ಮಂತ್ರ ನಿಲ್ಲಿಸಿ ಹೊರಗೆ ಕೂರುತ್ತಿದ್ದರಂತೆ. ಬದುಕಿದವರು ಮಂತ್ರದಿಂದ ಬದುಕಿದೆವು ಅಂದರೋ ಸೂಜಿಯಿಂದ ಅಂದರೋ, ನನಗೆ ಬೇಕಾಗಿಲ್ಲ. ಭಯದಲ್ಲಿ ಇರುವವನ ಕೈ ಹಿಡಿದು ಅರವತ್ತು ಕಿಲೋಮೀಟರ್ ಕೂರುವುದು ಸಣ್ಣ ಕೆಲಸ ಅಲ್ಲ. ಮುತ್ಯಾ ಈಗ ಇಲ್ಲ. ಅವರ ಕ್ಷಮೆ ಕೇಳುವಷ್ಟು ನಾನು ದೊಡ್ಡವನಾಗುವ ಹೊತ್ತಿಗೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನನ್ನ ಧ್ವನಿ ಕೇಳಿ, ‘ಯಾರು, ಕಾಕಾ ಕಾಕಾ ಅಂತಿದ್ದಲ್ಲ, ಅವನs?’ ಅಂದರು.

ಈಗ ನಮ್ಮೂರ ಸುದ್ದಿ. ನಮ್ಮ ಹೊಲದ ಬದುವಿನಲ್ಲಿ, ಅದೇ ಬಾವಿಯ ಹತ್ತಿರ, ಒಂದು ಹಳೆಯ ಅತ್ತಿಮರ ಇದೆ. ಅವ್ವ ಗುರುವಾರ ಅದರ ಬುಡದಲ್ಲಿ ಒಂದು ಹಣತೆ ಇಟ್ಟು ಬರುತ್ತಾಳೆ. ನಲವತ್ತು ವರ್ಷದಿಂದ ಅಷ್ಟೇ ಇತ್ತು, ಒಂದು ಮರ, ಒಂದು ಹಣತೆ. ಆರು ವರ್ಷದ ಹಿಂದೆ ಯಾರೋ ಮರಕ್ಕೆ ಒಂದು ನಿಶಾನೆ ಕಟ್ಟಿದರು. ಮರುವರ್ಷ ಬುಡಕ್ಕೆ ಸಿಮೆಂಟಿನ ಕಟ್ಟೆ ಬಂತು. ಆಮೇಲೆ ತಗಡಿನ ಶೆಡ್ಡು, ಅದಕ್ಕೊಂದು ಧ್ವನಿವರ್ಧಕದ ಭೋಂಗಾ, ದತ್ತ ಜಯಂತಿಗೆ ಮಹಾಪ್ರಸಾದ. ಈಗ ಕಮಿಟಿ ಇದೆ, ಪಾವತಿ ಪುಸ್ತಕ ಇದೆ. ಕಟ್ಟೆಗೆ ಬೇರು ಅಡ್ಡ ಬಂತು ಅಂತ ಒಂದು ಕಡೆಯ ಬೇರು ಕಡಿದರು. ಆ ಕಡೆಯ ಕೊಂಬೆ ಒಣಗಿದೆ. ದತ್ತ ಇದ್ದಾನೆ ಅಂತ ಯಾವ ಮರವನ್ನು ಕಾಯ್ದುಕೊಂಡು ಬಂದರೋ ಅದೇ ಮರಕ್ಕೆ ಕೊಡಲಿ ಹಾಕಿದ್ದಾರೆ. ಊರಿನ ಹುಡುಗರೇ. ಒಬ್ಬೊಬ್ಬರನ್ನೂ ನಾನು ಎತ್ತಿ ಆಡಿಸಿದ್ದೇನೆ. ಅವರಿಗೆ ಕೆಲಸ ಇಲ್ಲ. ಗುಡಿ ಕೆಲಸ ಅಂದರೆ ಊರು ಅವರ ಮಾತು ಕೇಳುತ್ತದೆ, ಬೇರೆ ಯಾವ ಕೆಲಸಕ್ಕೂ ಕೇಳೋದಿಲ್ಲ.

ಹೋದ ಸಲ ಅವರಲ್ಲೊಬ್ಬ ಕಮಾನಿಗೆ ದೇಣಿಗೆ ಕೇಳೋಕೆ ಬಂದಿದ್ದ. ಕಮಾನಿಗೆ ಬೇಡ, ಉಪಕೇಂದ್ರಕ್ಕೆ ಒಂದು ಫ್ರಿಜ್ಜು ಕೊಡಿಸುತ್ತೇನೆ, ಔಷಧ ಇಡೋಕಾಗುತ್ತದೆ, ನೀವು ಹುಡುಗರು ಅಲ್ಲಿ ರಾತ್ರಿ ಯಾರಾದರೂ ಇರುವ ಹಾಗೆ ಸರ್ಕಾರದವರ ಬೆನ್ನು ಹತ್ತಿ ಅಂದೆ. ಅವನು ಬಹಳ ಗೌರವದಿಂದಲೇ, ‘ಅದೂ ಮಾಡೂಣು ಅಣ್ಣಾ, ಮೊದಲ ಕಮಾನೊಂದು ಆಗ್ಲಿ’ ಅಂದ. ಅವನಿಗೆ ಸಿನಿಮಾ ತೋರಿಸಬೇಕು ಅನಿಸಿತು. ಆದರೆ ಮೊದಲು ಅವ್ವನಿಗೆ ತೋರಿಸೋಣ ಅಂತ ಅವತ್ತೇ ನಿರ್ಧಾರ ಮಾಡಿದೆ.

ಸೊಲ್ಲಾಪುರದ ನಡುವೆ ಸಿದ್ಧೇಶ್ವರನ ಕೆರೆ ಇದೆ, ಕೆರೆಯ ನಡುವೆ ಗುಡಿ ಇದೆ. ಹನ್ನೆರಡನೇ ಶತಮಾನದ ಸೊನ್ನಲಿಗೆಯ ಸಿದ್ಧರಾಮ ಜನರನ್ನು ಕಟ್ಟಿಕೊಂಡು ತೋಡಿದ ಕೆರೆ ಅದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಂಕ್ರಾಂತಿಯ ಜಾತ್ರೆಗೆ ನಂದಿಕೋಲು ಹೊರೋಕೆ ಇಡೀ ಊರು ಸೇರುತ್ತದೆ. ಗುಡಿಗೆ ಹೋಗಬೇಕಾದರೆ ಕೆರೆಯ ನೀರು ಕಾಣದೆ ಹೋಗೋಕಾಗಲ್ಲ. ಗುಡಿ ಬೇಡ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಅವ್ವನ ಹಣತೆಯನ್ನು ಆರಿಸು ಅಂತ ಹೇಳುವವನು ನಾನಲ್ಲವೇ ಅಲ್ಲ. ನಮ್ಮ ಊರುಗಳಲ್ಲಿ ಕೆರೆ ಮತ್ತು ಗುಡಿ ಒಟ್ಟಿಗೆ ಇದ್ದವು, ಈಗ ಒಂದೇ ಉಳಿಯುತ್ತಿದೆ, ಅದು ನನ್ನ ಸಂಕಟ.

ಅವ್ವ ಸಿನಿಮಾವನ್ನು ತುಂಬಾ ಮನಸ್ಸಿಟ್ಟು ನೋಡಿದಳು. ನೊಂದುಕೊಳ್ಳಲಿಲ್ಲ. ಕೇಶ್ಯಾ ಆಕಳು ಹುಡುಕುತ್ತಾ ಹೋದಾಗ ದತ್ತ ಕಂಡಿದ್ದನ್ನು ನೋಡಿ, ‘ದತ್ತನ ಹಿಂದ ಆಕಳ ಇರ್ತದಲ್ಲೋ. ಆಕಳ ಹುಡುಕ್ಕೋತ ಹ್ವಾದಾವಗ ದತ್ತ ಕಾಣೂದು ಬರೋಬರಿನೇ ಅದ’ ಅಂದಳು. ಆ ಫೋಟೋವನ್ನು ನಾನು ದಿನಾ ನೋಡಿದ್ದೇನೆ, ಮೂರು ತಲೆ, ನಾಲ್ಕು ನಾಯಿ, ಹಿಂದೆ ನಿಂತ ಆಕಳು. ಸಿನಿಮಾ ಎರಡು ಸಲ ನೋಡಿದ್ದೇನೆ. ಅದು ನನಗೆ ಹೊಳೆದಿರಲಿಲ್ಲ. ಅಂಗಡಿಗಳ ಸಾಲು ಬಂದಾಗ ಅವ್ವ ನಕ್ಕಳು, ಗಾಣಗಾಪುರದಲ್ಲಿ ಒಮ್ಮೆ ಚಪ್ಪಲಿ ಕಾಯುವವನು ಜಗಳ ತೆಗೆದಿದ್ದನ್ನು ನೆನಪಿಸಿಕೊಂಡಳು. ಅಣ್ಣಾ ಊರು ಬಿಟ್ಟು ಹೊರಟಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕೂತಲ್ಲೇ ತೂಕಡಿಸಿದಳು. ಎಬ್ಬಿಸಲಿಲ್ಲ. ಮೊಬೈಲ್ ಆಫ್ ಮಾಡಿ ಹಾಸಿಗೆ ಹಾಸಿದೆ.

ಬೆಳಿಗ್ಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಚಹಾ ಕುಡಿಯುತ್ತಾ ಕೂತಿದ್ದೆ. ರೊಟ್ಟಿ ತಿರುವಿ ಹಾಕುತ್ತಾ, ನನ್ನ ಕಡೆ ನೋಡದೇ ಕೇಳಿದಳು.

‘ಆ ಊರಾಗ ದವಾಖಾನಿ ಕಡೀಕ ಆತೇನೋ?’

‘ಸಿನಿಮಾದಾಗ ಗುಡಿನೇ ಕಟ್ಟತಾರವ್ವ’ ಅಂದೆ.

ಅವ್ವ ಆಮೇಲೆ ಮಾತಾಡಲಿಲ್ಲ. ರೊಟ್ಟಿ ಬಡಿಯುವುದು ಮುಗಿಸಿ, ಕೈ ತೊಳೆದು, ಗೂಟಕ್ಕೆ ತೂಗುಹಾಕಿದ್ದ ಬ್ಯಾಟ್ರಿಯನ್ನು ತೆಗೆದು ನನ್ನ ಕೈಗಿಟ್ಟಳು. ಸೆಲ್ಲು ಮುಗಿದಿದೆ, ಸಂತೆಗೆ ಹೋದಾಗ ಹೊಸದು ತಾ ಅಂದಳು.